ಹಿಡಿತಗಾರನ ಬದುಕು

ಕಲಬುರಗಿ ನಗರಕ್ಕೆ ತಾಗಿಕೊಂಡಂತಿರುವ ತಾಜಸುಲ್ತಾನಪುರವನ್ನು ಹೊರಗಿನವರು ಹೆಚ್ಚಾಗಿ ಬಲ್ಲುದು ಅಲ್ಲಿ ನೆಲೆಗೊಂಡಿರುವ ರಾಜ್ಯ ಮೀಸಲು ಪೊಲೀಸ್ ಪಡೆಯ ಆರನೆಯ ಬೆಟಾಲಿಯನ್ನಿನಿಂದ. ಈ ಸೀಮೆಯ ನೆಲವು ತೊಗರಿ ಬೆಳೆಯುವ ಎರೆಭೂಮಿ. ಬೇಸಿಗೆಯಲ್ಲಿ ಬಾಯಿಬಿಡುವ, ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುವ ಕಪ್ಪು ಮಣ್ಣು. ಇಂಥ ಮಣ್ಣಿನ ಊರುಗಳಲ್ಲಿಯೂ ಸಂಜೆಯ ಹೊತ್ತಿಗೆ ಒಂದು ಆಟಕ್ಕೆ ಯಾವ ಅಡ್ಡಿಯೂ ಇರುವುದಿಲ್ಲ. ಅದಕ್ಕೆ ಚೆಂಡು ಬೇಡ, ದಾಂಡು ಬೇಡ, ಬಲೆ ಬೇಡ. ನೆಲದ ಮೇಲೆ ನಾಲ್ಕಾರು ಗೆರೆ ಎಳೆಯಲು ಒಂದು ಕೋಲು, ಎರಡು ಕಡೆಗೂ ಏಳೇಳು ಮಂದಿ, ಇಷ್ಟಿದ್ದರೆ ಸಾಕು. ಆ ಆಟವೇ ಕಬಡ್ಡಿ. ಮಹಾರಾಷ್ಟ್ರದಲ್ಲಿ ಹು-ತು-ತು ಎಂದೂ, ದಕ್ಷಿಣದಲ್ಲಿ ಚೆಡುಗುಡು ಎಂದೂ, ಬಂಗಾಳದಲ್ಲಿ ಹಾ-ಡು-ಡು ಎಂದೂ ಬೇರೆ ಬೇರೆ ಹೆಸರುಗಳಿಂದ ಬಾಳಿಬಂದ ಆಟವಿದು.

ಹಿಂದೆ ಇದು ಬಿಡುವಿನ ವೇಳೆಯ ಆಟವಾಗಿತ್ತು. ಹೊಲದ ಕೆಲಸ ಮುಗಿದ ಮೇಲೆ, ಜಾತ್ರೆಯ ದಿನಗಳಲ್ಲಿ, ಶಾಲೆಯ ಕ್ರೀಡಾಕೂಟದಲ್ಲಿ ಆಡಿ ಮರೆಯುವಂಥದು. ಈಗ ಹಾಗಿಲ್ಲ. ಕಬಡ್ಡಿಯನ್ನೇ ವೃತ್ತಿಯಾಗಿ ಕೈಗೊಂಡು, ಅದರ ಗಳಿಕೆಯಿಂದಲೇ ಸಂಸಾರ ಸಾಗಿಸುವ ಆಟಗಾರರು ನಮ್ಮ ನಡುವೆ ಇದ್ದಾರೆ. ದೂರದರ್ಶನದ ಪರದೆಯ ಮೇಲೆ ಅವರನ್ನು ಕಂಡ ಹುಡುಗನೊಬ್ಬನು, ತಾನೂ ಹಾಗೆ ಆಗಬೇಕೆಂದು ಬಯಸುವುದು ಸಹಜ. ಆ ಬಯಕೆ ತಪ್ಪಲ್ಲ. ಆದರೆ ಆ ವೃತ್ತಿಯು ಎಂಥದು? ಅದು ಆಟಗಾರನಿಂದ ಏನನ್ನು ಬೇಡುತ್ತದೆ, ಎಷ್ಟು ಕಾಲ ಅನ್ನ ಕೊಡುತ್ತದೆ, ಮುಗಿದ ಮೇಲೆ ಅವನನ್ನು ಎಲ್ಲಿ ಬಿಡುತ್ತದೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಅರಿತವನ ಬಯಕೆಯು ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ.

ಮೊದಲು ಆಟದ ರೀತಿಯನ್ನು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು. ಪುರುಷರ ಕಬಡ್ಡಿ ಅಂಕಣವು 13 ಮೀಟರ್ ಉದ್ದ, 10 ಮೀಟರ್ ಅಗಲವಾಗಿರುತ್ತದೆ. ಮಹಿಳೆಯರದು 12 ಮೀಟರ್ ಉದ್ದ, 8 ಮೀಟರ್ ಅಗಲ. ನಡುಗೆರೆಯು ಅದನ್ನು ಎರಡು ಪಾಲು ಮಾಡುತ್ತದೆ. ಒಂದು ತಂಡದ ದಾಳಿಗಾರನು ‘ಕಬಡ್ಡಿ, ಕಬಡ್ಡಿ’ ಎಂದು ಉಸಿರು ಬಿಡದೆ ನುಡಿಯುತ್ತ ಎದುರಾಳಿಗಳ ಪಾಲಿಗೆ ನುಗ್ಗುತ್ತಾನೆ. ಅವನಿಗೆ ದೊರೆಯುವ ಕಾಲ 30 ಸೆಕೆಂಡು. ಅಷ್ಟರೊಳಗೆ ಎದುರಾಳಿಗಳನ್ನು ಮುಟ್ಟಿ ತನ್ನ ಪಾಲಿಗೆ ಮರಳಿದರೆ ಮುಟ್ಟಿದವರೆಲ್ಲರೂ ಹೊರಗೆ ಹೋಗುತ್ತಾರೆ. ಮುಟ್ಟಿದ ಪ್ರತಿಯೊಬ್ಬನಿಗೂ ಒಂದೊಂದು ಅಂಕ. ಅವನನ್ನು ಮರಳಗೊಡದೆ ಹಿಡಿದು ನಿಲ್ಲಿಸುವುದು ಎದುರು ಪಾಲಿನ ಏಳು ಮಂದಿಯ ಕೆಲಸ. ಇವರೇ ಹಿಡಿತಗಾರರು. ಮೈದಾನದ ಮಾತಿನಲ್ಲಿ ಇವರನ್ನು ಕ್ಯಾಚರ್ ಎಂದೂ ಡಿಫೆಂಡರ್ ಎಂದೂ ಕರೆಯುವ ವಾಡಿಕೆಯುಂಟು.

ದಾಳಿಗಾರನು ಒಂದೇ ದಾಳಿಯಲ್ಲಿ ಮೂರು ನಾಲ್ಕು ಅಂಕಗಳನ್ನು ತರಬಲ್ಲನು. ಹಿಡಿತಕ್ಕೆ ದೊರೆಯುವುದು ಮಾತ್ರ ಒಂದೇ ಅಂಕ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆ ಮಂದಿಯೋ ಉಳಿದಿರುವಾಗ ಹಿಡಿದರೆ ಇನ್ನೊಂದು ಅಂಕ ಕೂಡುತ್ತದೆ, ಅಷ್ಟೆ. ಹಿಡಿಯಲು ಹೋಗಿ ಕೈಜಾರಿದರೆ, ಆ ಗದ್ದಲದಲ್ಲಿ ದಾಳಿಗಾರನ ಮೈ ಸೋಂಕಿದವರೆಲ್ಲರೂ ಹೊರಗಾಗುತ್ತಾರೆ. ಹೀಗೆ ಹಿಡಿತಗಾರನ ಗೆಲುವು ಚಿಕ್ಕದು, ಸೋಲು ದೊಡ್ಡದು. ಪ್ರೇಕ್ಷಕರು ದಾಳಿಗಾರನ ಹೆಸರನ್ನು ಕೂಗುತ್ತಾರೆ. ಹಿಡಿತಗಾರನ ಹೆಸರು ಪಂದ್ಯ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಅಪರೂಪ. ಆದರೂ ಬಲ್ಲವರು ಹೇಳುವ ಮಾತೆಂದರೆ, ಒಳ್ಳೆಯ ದಾಳಿಗಾರನು ಪಂದ್ಯವನ್ನು ಗೆದ್ದುಕೊಡುತ್ತಾನೆ, ಒಳ್ಳೆಯ ಹಿಡಿತಗಾರರು ಪಂದ್ಯಾವಳಿಯನ್ನೇ ಗೆದ್ದುಕೊಡುತ್ತಾರೆ ಎಂಬುದು.

ಹಿಡಿತವು ಬರಿಯ ಬಲದ ಕೆಲಸವಲ್ಲ. ಏಳು ಮಂದಿಯೂ ಅರ್ಧಚಂದ್ರಾಕಾರದಲ್ಲಿ ನಿಲ್ಲುತ್ತಾರೆ. ಎಡ ಮೂಲೆಗೊಬ್ಬ, ಬಲ ಮೂಲೆಗೊಬ್ಬ, ಅವರ ಒಳಗಡೆಗೆ ಇಬ್ಬರು, ಕವರ್ ಎಂಬ ಸ್ಥಾನದಲ್ಲಿ ಇನ್ನಿಬ್ಬರು, ನಡುವೆ ಒಬ್ಬ. ಅಕ್ಕಪಕ್ಕದವರು ಕೈಕೈ ಹಿಡಿದು ಸರಪಳಿ ಕಟ್ಟುತ್ತಾರೆ. ಮೂಲೆಯವನು ದಾಳಿಗಾರನ ಕಾಲ ಗಿಣ್ಣಿಗೋ ತೊಡೆಗೋ ಬೀಳುತ್ತಾನೆ. ಕವರ್ ಸ್ಥಾನದವನು ಓಡಿಬಂದು ಅವನನ್ನು ಎದೆಯಿಂದ ತಡೆಯುತ್ತಾನೆ, ಇಲ್ಲವೆ ಅಂಕಣದ ಹೊರಗೆ ತಳ್ಳುತ್ತಾನೆ. ಮೊದಲು ಕೈ ಹಾಕಿದವನ ಹಿಂದೆ ಉಳಿದವರು ಅರೆಗಳಿಗೆಯೂ ತಡಮಾಡದೆ ಬರಬೇಕು. ಬರುವರೆಂಬ ನಂಬಿಕೆಯಿಲ್ಲದಿದ್ದರೆ ಮೊದಲನೆಯವನು ಕೈ ಹಾಕುವುದೇ ಇಲ್ಲ. ಆದ್ದರಿಂದ ತರಬೇತುದಾರರು ಹೊಸಬನಿಗೆ ಹಿಡಿತವನ್ನು ಕಲಿಸುವ ಮೊದಲು ನಿಲುವನ್ನು ಕಲಿಸುತ್ತಾರೆ. ಮಂಡಿ ಬಾಗಿರಬೇಕು, ಪಾದ ನೆಲವನ್ನು ಕಚ್ಚಿರಬೇಕು, ನೆಲೆ ತಪ್ಪಿದ ಕಾಲಿನಿಂದ ಹಾರಬಾರದು. ನೆಲೆಯಿಲ್ಲದ ಹಿಡಿತ ಹಿಡಿತವಲ್ಲ.

ಈ ಆಟವು ವೃತ್ತಿಯಾದುದು ಒಂದೇ ದಿನದಲ್ಲಿ ಅಲ್ಲ. 1950ರಲ್ಲಿ ಅಖಿಲ ಭಾರತ ಮಟ್ಟದ ಕಬಡ್ಡಿ ಸಂಸ್ಥೆಯೊಂದು ಸ್ಥಾಪನೆಗೊಂಡು ನಿಯಮಗಳು ಒಂದು ಕಟ್ಟಿಗೆ ಬಂದವು. 1982ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಕಬಡ್ಡಿಯನ್ನು ಪ್ರದರ್ಶನಕ್ಕಾಗಿ ಆಡಿಸಲಾಯಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡೆಗಳಲ್ಲಿ ಅದು ಪದಕದ ಆಟವಾಯಿತು. ಅಂದಿನಿಂದ 2014ರವರೆಗೆ ನಡೆದ ಏಳು ಕೂಟಗಳಲ್ಲಿಯೂ ಪುರುಷರ ಚಿನ್ನವು ಭಾರತದ ಪಾಲಾಯಿತು. 2010ರಲ್ಲಿ ಮಹಿಳೆಯರ ಕಬಡ್ಡಿಯೂ ಸೇರಿತು. 2018ರಲ್ಲಿ ಜಕಾರ್ತದಲ್ಲಿ ಇರಾನ್ ದೇಶವು ನಮ್ಮ ಎರಡು ತಂಡಗಳನ್ನೂ ಸೋಲಿಸಿದಾಗ, ಈ ಆಟವು ನಮ್ಮೊಬ್ಬರ ಸ್ವತ್ತಲ್ಲವೆಂಬುದು ಎಲ್ಲರಿಗೂ ಮನವರಿಕೆಯಾಯಿತು. 2023ರಲ್ಲಿ ಚೀನದ ಹಾಂಗ್‌ಝೌನಲ್ಲಿ ಎರಡೂ ಚಿನ್ನಗಳು ಮರಳಿ ಬಂದವು.

ಪದಕಗಳಿಂದ ಕೀರ್ತಿ ಬಂದಿತು, ಆದರೆ ಹೊಟ್ಟೆ ತುಂಬಲಿಲ್ಲ. ಆಟಗಾರರಿಗೆ ಅನ್ನ ಕೊಟ್ಟದ್ದು ಸರ್ಕಾರಿ ಉದ್ಯೋಗಗಳು. ರೈಲ್ವೆ, ಪೊಲೀಸ್ ಇಲಾಖೆ, ಸೈನ್ಯ, ಬ್ಯಾಂಕುಗಳು ತಮ್ಮ ತಮ್ಮ ತಂಡಗಳನ್ನು ಕಟ್ಟಿಕೊಂಡವು. ಚೆನ್ನಾಗಿ ಆಡುವ ತರುಣರನ್ನು ಆರಿಸಿ ಹುದ್ದೆ ನೀಡಿದವು. ಆಟಗಾರನು ಬೆಳಿಗ್ಗೆ ಅಭ್ಯಾಸ ಮಾಡಿ, ಹಗಲು ಕಚೇರಿಗೆ ಹೋಗಿ, ಪಂದ್ಯಗಳ ಕಾಲದಲ್ಲಿ ರಜೆ ಪಡೆದು ಆಡುವ ಪದ್ಧತಿ ಬೆಳೆಯಿತು. ಸಂಬಳ ದೊಡ್ಡದಲ್ಲದಿರಬಹುದು, ಆದರೆ ಅದು ಪ್ರತಿ ತಿಂಗಳು ಬರುತ್ತಿತ್ತು. ಆಟ ನಿಂತ ಮೇಲೂ ಬರುತ್ತಿತ್ತು.

ಕರ್ನಾಟಕದ ಹಲವು ಹೆಸರಾಂತ ಆಟಗಾರರು ಈ ಕಾಲದಲ್ಲಿ ಮೇಲೆ ಬಂದರು. 2000ದ ಅರ್ಜುನ ಪ್ರಶಸ್ತಿಯು ಸಿ. ಹೊನ್ನಪ್ಪ ಅವರಿಗೂ, 2001ರದು ಬಿ. ಸಿ. ರಮೇಶ್ ಅವರಿಗೂ ಸಂದಿತು. ಮಹಿಳೆಯರಲ್ಲಿ ತೇಜಸ್ವಿನಿ ಬಾಯಿ ಅವರು 2011ರಲ್ಲಿಯೂ, ಮಮತಾ ಪೂಜಾರಿ ಅವರು 2014ರಲ್ಲಿಯೂ ಅದೇ ಗೌರವಕ್ಕೆ ಪಾತ್ರರಾದರು. ಮಮತಾ ಪೂಜಾರಿ ಅವರು ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನ ಹೆರ್ಮುಂಡೆ ಎಂಬ ಹಳ್ಳಿಯ ಕೃಷಿಕ ಮನೆತನದವರು. ದಕ್ಷಿಣ ಮಧ್ಯ ರೈಲ್ವೆಯಲ್ಲಿ ಉದ್ಯೋಗ ದೊರೆತುದರಿಂದ ಅವರು ಆಟವನ್ನು ಮುಂದುವರಿಸುವುದು ಸಾಧ್ಯವಾಯಿತು. 2010 ಮತ್ತು 2014ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡಗಳಲ್ಲಿ ಅವರಿದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮಹಿಳೆಯರ ವಿಶ್ವಕಪ್ಪನ್ನು ಅವರ ನಾಯಕತ್ವದಲ್ಲಿ ಭಾರತವು ಗೆದ್ದಿತು. ಹಳ್ಳಿಯ ಹೆಣ್ಣುಮಗಳೊಬ್ಬಳ ಕಬಡ್ಡಿಗೆ ಆಧಾರವಾಗಿ ನಿಂತುದು ಹುದ್ದೆಯೊಂದರ ಭದ್ರತೆ ಎಂಬುದನ್ನು ಗಮನಿಸಬೇಕು.

2014ರಲ್ಲಿ ಈ ಚಿತ್ರವು ಬದಲಾಯಿತು. ಆ ವರ್ಷ ಪ್ರೊ ಕಬಡ್ಡಿ ಲೀಗ್ ಎಂಬ ವೃತ್ತಿಪರ ಪಂದ್ಯಾವಳಿಯು ಎಂಟು ತಂಡಗಳೊಡನೆ ಆರಂಭವಾಯಿತು. ಬೆಂಗಳೂರು ಬುಲ್ಸ್ ಅವುಗಳಲ್ಲಿ ಒಂದು. ಆಟಗಾರರನ್ನು ಹರಾಜಿನ ಮೂಲಕ ತಂಡಗಳು ಪಡೆದುಕೊಂಡವು. ಆ ಮೊದಲ ಹರಾಜಿನಲ್ಲಿ ಅತ್ಯಧಿಕವೆನಿಸಿದ ಬೆಲೆ 12 ಲಕ್ಷ 80 ಸಾವಿರ ರೂಪಾಯಿ. ನಾಲ್ಕೇ ವರ್ಷಗಳಲ್ಲಿ, 2018ರಲ್ಲಿ, ಬೆಲೆಯು ಒಂದು ಕೋಟಿಯನ್ನು ಮುಟ್ಟಿತು. ಮೊದಲು ಆ ಗಡಿಯನ್ನು ಮುಟ್ಟಿದವರು ದಾಳಿಗಾರರಲ್ಲ. ಇರಾನಿನ ಫಜಲ್ ಅತ್ರಾಚಲಿ ಎಂಬ ಎಡ ಮೂಲೆಯ ಹಿಡಿತಗಾರರು. ಚಪ್ಪಾಳೆ ಕಡಿಮೆ ದೊರೆಯುವ ಕೆಲಸಕ್ಕೂ ಬೆಲೆಯುಂಟೆಂದು ಆ ದಿನ ತಿಳಿದುಬಂದಿತು.

ಆದರೆ ಕೋಟಿಯ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನೂ ಇಡಬೇಕಾಗುತ್ತದೆ. 2017ರಿಂದ ಈ ಪಂದ್ಯಾವಳಿಯಲ್ಲಿ ಆಡುವ ತಂಡಗಳು 12. ತಂಡವೊಂದು ಹೆಚ್ಚೆಂದರೆ 25 ಮಂದಿಯನ್ನು ಇಟ್ಟುಕೊಳ್ಳಬಹುದು. ಎಲ್ಲ ತಂಡಗಳೂ ಭರ್ತಿಯಾದರೆ ಒಟ್ಟು 300 ಸ್ಥಾನಗಳಾದವು. ಅವುಗಳಲ್ಲಿ ಕೆಲವು ಹೊರದೇಶದವರಿಗೆ ಸಲ್ಲುತ್ತವೆ. ಇಡೀ ಭಾರತದ ಊರೂರುಗಳಲ್ಲಿ ಕಬಡ್ಡಿ ಆಡುವ ತರುಣರಿಗೆ ಉಳಿಯುವುದು ಇಷ್ಟೇ. ಸ್ಥಾನ ದೊರೆತವರಲ್ಲಿಯೂ ಬಹುಮಂದಿಗೆ ಕೋಟಿ ದೊರೆಯುವುದಿಲ್ಲ. 2024ರ ಹರಾಜಿನಲ್ಲಿ ಕೊನೆಯ ವರ್ಗದ ಆಟಗಾರನ ಮೂಲಬೆಲೆ 9 ಲಕ್ಷ ರೂಪಾಯಿಯಾಗಿತ್ತು. ಈ ಹಣವಾದರೂ ಕೆಲವು ತಿಂಗಳ ಒಂದು ಋತುವಿಗೆ ಮಾತ್ರ. ಮುಂದಿನ ಹರಾಜಿನಲ್ಲಿ ಯಾರೂ ಕರೆಯದಿದ್ದರೆ ಆ ಆದಾಯವು ಅಲ್ಲಿಗೆ ನಿಂತಿತು. ಇನ್ನು ಹೆಣ್ಣುಮಕ್ಕಳಿಗೆ ಈ ಬಾಗಿಲೂ ತೆರೆಯಲಿಲ್ಲ. 2016ರಲ್ಲಿ ಇದೇ ಪಂದ್ಯಾವಳಿಯ ಜೊತೆಗೆ ಮೂರು ಮಹಿಳಾ ತಂಡಗಳ ಕಿರುಸ್ಪರ್ಧೆಯೊಂದು ನಡೆದರೂ ಮರುವರ್ಷ ಅದು ಮುಂದುವರಿಯಲಿಲ್ಲ.

ವೃತ್ತಿಪರ ಹಿಡಿತಗಾರನ ದಿನಚರಿಯು ಕಠಿಣವಾದುದು. ಅವನ ತೂಕ 85 ಕಿಲೋಗ್ರಾಂ ಮೀರಕೂಡದು. ಆದರೆ ಆ ಮಿತಿಯೊಳಗೆ ಎಷ್ಟು ಸಾಧ್ಯವೋ ಅಷ್ಟು ಬಲವಿರಬೇಕು. ಆದ್ದರಿಂದ ಅವನು ತಿನ್ನುವ ಪ್ರತಿಯೊಂದು ತುತ್ತಿಗೂ ಲೆಕ್ಕವುಂಟು. ನಸುಕಿನಲ್ಲಿ ಓಟ, ಆಮೇಲೆ ಭಾರ ಎತ್ತುವ ವ್ಯಾಯಾಮ, ಸಂಜೆ ಅಂಕಣದಲ್ಲಿ ಹಿಡಿತದ ಅಭ್ಯಾಸ. ಒಂದೇ ಹಿಡಿತವನ್ನು ನೂರು ಸಲ, ಮತ್ತೆ ನೂರು ಸಲ ಮಾಡಿ ಕೈಗೆ ಕೂಡಿಸಿಕೊಳ್ಳಬೇಕು. ಮಣ್ಣಿನಲ್ಲಿ ಬರಿಗಾಲಿನಿಂದ ಆಡಿ ಬೆಳೆದ ಹುಡುಗನು ಮ್ಯಾಟ್ ಎಂಬ ಹಾಸಿನ ಮೇಲೆ ಬೂಟು ತೊಟ್ಟು ಆಡುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಮಣ್ಣು ಜಾರಗೊಡುತ್ತದೆ, ಹಾಸು ಪಾದವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಪಾದವು ಕಚ್ಚಿ ನಿಂತಿರುವಾಗ ಮೈ ತಿರುಗಿದರೆ ಆ ತಿರುಚಿನ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ.

ಈ ವೃತ್ತಿಯ ಆಯುಸ್ಸು ಚಿಕ್ಕದು. ಶಾಲೆಯ ತಂಡದಲ್ಲಿ ಗುರುತಿಸಲ್ಪಟ್ಟವನು ತಾಲೂಕು, ಜಿಲ್ಲೆ, ರಾಜ್ಯ ಮಟ್ಟಗಳನ್ನು ದಾಟಿ ವೃತ್ತಿಪರ ತಂಡವನ್ನು ಸೇರುವಷ್ಟರಲ್ಲಿ ಇಪ್ಪತ್ತು ವರ್ಷ ತುಂಬಿರುತ್ತದೆ. ಮೂವತ್ತನ್ನು ದಾಟುತ್ತಲೇ ಕಾಲು ಮೊದಲಿನಂತೆ ಚಿಮ್ಮುವುದಿಲ್ಲ. ಮೂವತ್ತೈದರಾಚೆ ಆಡುವವರು ವಿರಳ. ವಕೀಲನು, ವೈದ್ಯನು, ಬಡಗಿಯು ತನ್ನ ಕಸುಬಿನಲ್ಲಿ ಪಳಗಿ ಹೆಸರು ಮಾಡುವ ವಯಸ್ಸಿನಲ್ಲಿ ಆಟಗಾರನು ತನ್ನ ಕಸುಬನ್ನು ಬಿಡಬೇಕಾಗುತ್ತದೆ. ಮುಂದೆ ಬಾಳಬೇಕಾದ ವರ್ಷಗಳು, ಆಡಿದ ವರ್ಷಗಳಿಗಿಂತ ಎರಡು ಮೂರು ಪಟ್ಟು ಹೆಚ್ಚು.

ಆ ಹತ್ತು ಹನ್ನೆರಡು ವರ್ಷಗಳೂ ನಿಶ್ಚಿತವಲ್ಲ. 2022ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಎಂಬ ದಾಳಿಗಾರರಿಗೆ 2 ಕೋಟಿ 26 ಲಕ್ಷ ರೂಪಾಯಿಯ ಬೆಲೆ ಬಂದಿತು. ಅದು ಅಲ್ಲಿಯವರೆಗಿನ ದಾಖಲೆ. ಮುಂಚೆ ಬೆಂಗಳೂರು ಬುಲ್ಸ್ ತಂಡದಲ್ಲಿ ಆಡಿ ಕನ್ನಡಿಗರ ಮೆಚ್ಚುಗೆ ಪಡೆದಿದ್ದ ಅವರು ಆ ಅಕ್ಟೋಬರ್ ತಿಂಗಳಿನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿಯೇ ಹೊಸ ತಂಡದ ಪರವಾಗಿ ಕಣಕ್ಕಿಳಿದರು. ಮೊದಲ ಪಂದ್ಯದಲ್ಲಿಯೇ ಮಂಡಿಗೆ ಪೆಟ್ಟಾಗಿ ಅವರನ್ನು ಹೊರಗೆ ಸಾಗಿಸಬೇಕಾಯಿತು. ಉಳಿದ ಋತುವೆಲ್ಲ ಅವರು ಆಡಲಿಲ್ಲ. ತಾಳ್ಮೆಯಿಂದ ಚಿಕಿತ್ಸೆ ಪಡೆದು, ಮರುವರ್ಷ ಹಾಂಗ್‌ಝೌನಲ್ಲಿ ಚಿನ್ನ ಗೆದ್ದ ತಂಡದ ನಾಯಕರಾಗಿ ಅವರು ಮರಳಿದುದು ಸಂತೋಷದ ಸಂಗತಿ. ಅವರಿಗೆ ಹೆಸರಿತ್ತು, ವೈದ್ಯರಿದ್ದರು, ರೈಲ್ವೆಯ ಹುದ್ದೆಯಿತ್ತು. ಹೆಸರು ಮಾಡುವ ಮೊದಲೇ ಮಂಡಿ ಮುರಿದುಕೊಂಡ ಹಳ್ಳಿಯ ಹುಡುಗನಿಗೆ ಇವುಗಳಲ್ಲಿ ಯಾವುದಿದೆ?

ಇದು ಕಬಡ್ಡಿಯೊಂದರ ಕಷ್ಟವಲ್ಲ. ಮೈಗೆ ಮೈ ತಾಗಿಸಿ ಆಡುವ ಎಲ್ಲ ವೃತ್ತಿಪರ ಆಟಗಳಲ್ಲಿಯೂ ಇದೇ ಕಥೆ ಕಂಡುಬರುತ್ತದೆ. ಅವುಗಳಲ್ಲಿ ಕಬಡ್ಡಿಯ ಹಿಡಿತಗಾರನಿಗೆ ತೀರ ಹತ್ತಿರದವನೆಂದರೆ ರಗ್ಬಿ ಆಟದ ಮುಂಪಡೆಯ ಆಟಗಾರ. ಇಂಗ್ಲೆಂಡಿನಲ್ಲಿ ಹುಟ್ಟಿದ ರಗ್ಬಿಯು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅದಕ್ಕೂ ಭಾರತಕ್ಕೂ ಒಂದು ಹಳೆಯ ನಂಟುಂಟು. 1870ರ ದಶಕದಲ್ಲಿ ಕಲ್ಕತ್ತೆಯಲ್ಲಿದ್ದ ರಗ್ಬಿ ಕ್ಲಬ್ಬೊಂದು ಮುಚ್ಚಿಹೋದಾಗ, ಅದರ ಸದಸ್ಯರು ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಬಟ್ಟಲೊಂದನ್ನು ಮಾಡಿಸಿದರು. ನಾಗರಹಾವಿನ ಹಿಡಿಕೆಗಳೂ, ಮುಚ್ಚಳದ ಮೇಲೊಂದು ಆನೆಯೂ ಇರುವ ಆ ‘ಕಲ್ಕತ್ತಾ ಕಪ್’ಗಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು 1879ರಿಂದ ಆಡುತ್ತ ಬಂದಿವೆ.

ರಗ್ಬಿ ಯೂನಿಯನ್ ತಂಡದಲ್ಲಿ 15 ಮಂದಿ. ಅವರಲ್ಲಿ 8 ಮಂದಿ ಮುಂಪಡೆಯವರು. 7 ಮಂದಿ ಹಿಂಪಡೆಯವರು. ಆಟವು ಸಣ್ಣ ತಪ್ಪಿಗಾಗಿ ನಿಂತಾಗ ಎರಡು ತಂಡಗಳ ಎಂಟೆಂಟು ಮಂದಿಯೂ ಒಬ್ಬರನ್ನೊಬ್ಬರು ತೋಳಿನಿಂದ ಬಿಗಿದುಕೊಂಡು, ಮೂರು ಸಾಲುಗಳಾಗಿ ಬಾಗಿ, ಭುಜಕ್ಕೆ ಭುಜ ಕೊಟ್ಟು ತಳ್ಳುತ್ತಾರೆ. ಇದಕ್ಕೆ ಸ್ಕ್ರಮ್ ಎಂದು ಹೆಸರು. ಮುಂದಿನ ಸಾಲಿನವರು ನೂರು ಕಿಲೋಗ್ರಾಮಿಗಿಂತ ಹೆಚ್ಚು ತೂಗುವ ಆಳುಗಳು. ಇವರು ತಳ್ಳಿ, ಕೆಡವಿ, ಕೆಡವಿಸಿಕೊಂಡು ಗೆದ್ದುಕೊಟ್ಟ ಚೆಂಡನ್ನು ಹಿಡಿದು ಹಿಂಪಡೆಯವನು ಗೆರೆ ದಾಟುತ್ತಾನೆ. ಚಪ್ಪಾಳೆಯು ಅವನಿಗೆ ಸಲ್ಲುತ್ತದೆ. ನಮ್ಮ ಹಿಡಿತಗಾರರ ಸರಪಳಿಗೂ ಈ ಸ್ಕ್ರಮ್ಮಿಗೂ ಇರುವ ಹೋಲಿಕೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಆ ಆಟದ ಇತಿಹಾಸವೂ ನಮಗೆ ಪಾಠವಾಗಬಲ್ಲುದು. 1895ರಲ್ಲಿ ಉತ್ತರ ಇಂಗ್ಲೆಂಡಿನ ಗಣಿ, ಗಿರಣಿಗಳ ಕೂಲಿಗಾರ ಆಟಗಾರರ ಪರವಾಗಿ ಅವರ ಕ್ಲಬ್ಬುಗಳು ಒಂದು ಬೇಡಿಕೆಯನ್ನಿಟ್ಟಿದ್ದವು. ಆಟಕ್ಕಾಗಿ ಕೆಲಸ ತಪ್ಪಿದ ದಿನದ ಕೂಲಿಯನ್ನಾದರೂ ಕೊಡಿರೆಂಬುದೇ ಆ ಬೇಡಿಕೆ. ಹಣಕ್ಕಾಗಿ ಆಡುವುದು ಸಲ್ಲದೆಂದು ಹಿರಿಯ ಸಂಸ್ಥೆಯು ಹಟ ಹಿಡಿದುದರಿಂದ ಆ ಕ್ಲಬ್ಬುಗಳು ಬೇರೆಯಾದವು. ರಗ್ಬಿ ಲೀಗ್ ಎಂಬ ಬೇರೆಯ ಆಟವೇ ಬೆಳೆಯಿತು. ಉಳಿದ ರಗ್ಬಿ ಯೂನಿಯನ್ ಸರಿಯಾಗಿ ನೂರು ವರ್ಷಗಳ ಬಳಿಕ, 1995ರ ಆಗಸ್ಟ್‌ನಲ್ಲಿ, ಆಟಗಾರರಿಗೆ ಸಂಬಳ ಕೊಡಲು ಒಪ್ಪಿತು. ಅದಕ್ಕೆ ಮೊದಲು ಮುಂಪಡೆಯವನೊಬ್ಬನು ರೈತನೋ, ಪೊಲೀಸನೋ, ಶಾಲಾ ಮಾಸ್ತರನೋ ಆಗಿದ್ದು ಬಿಡುವಿನಲ್ಲಿ ಆಡುತ್ತಿದ್ದನು. ಅನಂತರ ಆಟವೇ ಅವನ ಪೂರ್ಣ ಕಾಲದ ಉದ್ಯೋಗವಾಯಿತು. ಮೈಗಳು ಇನ್ನೂ ದೊಡ್ಡವಾದವು, ಡಿಕ್ಕಿಗಳು ಇನ್ನೂ ಬಲವಾದವು. ಗಳಿಕೆ ಬಂದಿತು; ಆಟದ ಹೊರಗಿನ ಕಸುಬು ಕೈಬಿಟ್ಟುಹೋಯಿತು.

ಅದರ ಬೆಲೆಯು ತಡವಾಗಿ ಗೊತ್ತಾಯಿತು. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಮುಂಚೂಣಿ ಸಾಲಿನ ನಡುವೆ ನಿಂತು ಆಡಿದ ಸ್ಟೀವ್ ಥಾಂಪ್ಸನ್ ಅವರು 2020ರ ಡಿಸೆಂಬರಿನಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ, ಒಂದು ಸಂಗತಿಯನ್ನು ಬಹಿರಂಗಪಡಿಸಿದರು. ತಮಗೆ ಮರೆವಿನ ಕಾಯಿಲೆ ತಗಲಿದೆಯೆಂದೂ, ಆ ವಿಶ್ವಕಪ್ ಗೆದ್ದ ನೆನಪೇ ತಮಗೆ ಉಳಿದಿಲ್ಲವೆಂದೂ ಅವರು ತಿಳಿಸಿದರು. ವರ್ಷಗಟ್ಟಲೆ ಪಂದ್ಯಗಳಲ್ಲಿಯೂ ಅಭ್ಯಾಸದಲ್ಲಿಯೂ ತಲೆಗೆ ಬಿದ್ದ ಪೆಟ್ಟುಗಳೇ ಇದಕ್ಕೆ ಕಾರಣವೆಂಬುದು ಅವರ ಅಭಿಪ್ರಾಯ. ಕೋಟ್ಯಂತರ ಜನರು ನೆನಪಿನಲ್ಲಿಟ್ಟುಕೊಂಡ ಗೆಲುವು, ಗೆದ್ದವನ ನೆನಪಿನಲ್ಲಿಯೇ ಇಲ್ಲದಿರುವುದಕ್ಕಿಂತ ಹೆಚ್ಚಿನ ನಷ್ಟವಾವುದು? ಈಗ ರಗ್ಬಿಯಲ್ಲಿ ತಲೆಗೆ ಪೆಟ್ಟಾದ ಶಂಕೆ ಬಂದೊಡನೆಯೇ ಆಟಗಾರನನ್ನು ಹೊರಗೆ ಕರೆದು ವೈದ್ಯರು ಪರೀಕ್ಷಿಸುವ ಕ್ರಮ ಜಾರಿಯಲ್ಲಿದೆ. ಕಬಡ್ಡಿಯಲ್ಲಿಯೂ ಹಿಡಿತಗಾರನ ತಲೆಗೆ ದಾಳಿಗಾರನ ಮಂಡಿಯೋ, ಜೊತೆಯವನ ತಲೆಯೋ ತಾಗುವ ಸಂದರ್ಭಗಳು ಕಡಿಮೆಯಲ್ಲ. ಪೆಟ್ಟು ಬಿದ್ದ ಮೇಲೆ ಕಣ್ಣು ಮಂಜಾದರೆ, ವಾಕರಿಕೆ ಬಂದರೆ, ಅಂಕ ಮರೆತುಹೋದರೆ ಆಟ ನಿಲ್ಲಿಸಬೇಕು. ಅದನ್ನು ಅಂಜುಬುರುಕತನವೆಂದು ಹಂಗಿಸುವವನು ಆಟವನ್ನು ಬಲ್ಲವನಲ್ಲ.

ಹಾಗಾದರೆ ಈ ವೃತ್ತಿಯನ್ನು ಬಯಸಲೇಬಾರದೆ? ಹಾಗೆ ಹೇಳುವುದು ನ್ಯಾಯವಲ್ಲ. ಇದು ಪ್ರಾಮಾಣಿಕವಾದ ದುಡಿಮೆ. ಬಡಮನೆಗಳ ಮಕ್ಕಳಿಗೆ ಹೊಲ, ಮನೆ, ಗೌರವಗಳನ್ನು ತಂದುಕೊಟ್ಟ ದುಡಿಮೆ. ಆದರೆ ಇದನ್ನು ಚೆನ್ನಾಗಿ ಮುಗಿಸಿದವರೆಲ್ಲರ ಬಾಳಿನಲ್ಲಿಯೂ ಒಂದು ಸಮಾನ ಅಂಶ ಕಂಡುಬರುತ್ತದೆ. ಅವರು ಆಡುತ್ತಿರುವಾಗಲೇ ಎರಡನೆಯ ನೆಲೆಯೊಂದನ್ನು ಕಟ್ಟಿಕೊಂಡಿರುತ್ತಾರೆ. ವೇಲ್ಸ್ ದೇಶದ ರಗ್ಬಿ ಮುಂಪಡೆಯವರಾದ ಆಲನ್ ವಿನ್ ಜೋನ್ಸ್ ತಮ್ಮ ದೇಶಕ್ಕಾಗಿ 158 ಪಂದ್ಯಗಳನ್ನಾಡಿದರು. ಆಡುತ್ತಿದ್ದ ವರ್ಷಗಳಲ್ಲಿಯೇ ವಿಶ್ವವಿದ್ಯಾನಿಲಯದಲ್ಲಿ ಓದಿ ಕಾನೂನು ಪದವಿಯನ್ನೂ ಪಡೆದರು. ನಮ್ಮ ಬಿ. ಸಿ. ರಮೇಶ್ ಅವರು ಆಟದಿಂದ ನಿವೃತ್ತರಾದ ಮೇಲೆ ತಾವು ಕಲಿತುದನ್ನು ಕಲಿಸುವ ವಿದ್ಯೆಯನ್ನಾಗಿ ಮಾಡಿಕೊಂಡರು. 2019ರಲ್ಲಿ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದ ಬಂಗಾಳದ ತಂಡಕ್ಕೂ, 2024ರ ಮಾರ್ಚ್‌ನಲ್ಲಿ ಮುಗಿದ ಹತ್ತನೆಯ ಋತುವಿನಲ್ಲಿ ಗೆದ್ದ ಪುಣೆಯ ತಂಡಕ್ಕೂ ಅವರೇ ತರಬೇತುದಾರರು. ಅವರ ಕಾಲು ಓಡುವುದನ್ನು ನಿಲ್ಲಿಸಿದ ಮೇಲೆ ಅವರ ಕಣ್ಣು, ಅನುಭವ, ಮಾತುಗಳು ದುಡಿಯತೊಡಗಿದವು.

ಎಲ್ಲರೂ ತರಬೇತುದಾರರಾಗಲಾರರು. ಆದರೆ ದೈಹಿಕ ಶಿಕ್ಷಣದ ಶಿಕ್ಷಕ, ತೀರ್ಪುಗಾರ, ಅಂಗಮರ್ದನ ಚಿಕಿತ್ಸಕ, ಪೊಲೀಸ್ ಅಥವಾ ರೈಲ್ವೆಯ ನೌಕರ, ಸ್ವಂತ ಅಂಗಡಿಯ ಯಜಮಾನ, ಓದು ಬಲ್ಲ ಒಕ್ಕಲಿಗ ಮೊದಲಾದ ಹಲವು ದಾರಿಗಳುಂಟು. ಇವುಗಳಲ್ಲಿ ಬಹುತೇಕ ದಾರಿಗಳಿಗೆ ಎಸ್.ಎಸ್.ಎಲ್.ಸಿ.ಯ ಅಂಕಪಟ್ಟಿಯೊಂದು ಕೈಯಲ್ಲಿರಬೇಕಾಗುತ್ತದೆ. ಕ್ರೀಡಾಪಟುಗಳಿಗೆ ಮೀಸಲಾದ ಹುದ್ದೆಗೂ ವಿದ್ಯಾರ್ಹತೆಯ ಕಟ್ಟುಪಾಡುಂಟು. ಅಭ್ಯಾಸದ ನೆಪದಲ್ಲಿ ಶಾಲೆ ಬಿಟ್ಟವನು ಹರಾಜಿನಲ್ಲಿ ಸ್ಥಾನ ತಪ್ಪಿದ ದಿನ ಎರಡೂ ಕಡೆಗಳಲ್ಲಿ ಬರಿಗೈಯಾಗುತ್ತಾನೆ. ಓದನ್ನು ಉಳಿಸಿಕೊಂಡವನಿಗೆ ಆಟದ ಸೋಲು ಆಟದ ಸೋಲಾಗಿಯೇ ಉಳಿಯುತ್ತದೆ; ಬಾಳಿನ ಸೋಲಾಗುವುದಿಲ್ಲ.

ತಾಜಸುಲ್ತಾನಪುರದ ಕಡೆಯ ಹುಡುಗನಿರಲಿ, ಕಮಲಾಪುರದ ಕಡೆಯ ಹುಡುಗಿಯಿರಲಿ, ಸಂಜೆಯ ಅಂಕಣದಲ್ಲಿ ಎಡ ಮೂಲೆಯಲ್ಲಿ ನಿಂತು ದಾಳಿಗಾರನ ಕಾಲನ್ನೇ ನೋಡುತ್ತಿರುವಾಗ ಈ ವಿಚಾರಗಳೆಲ್ಲ ನೆನಪಿಗೆ ಬರಬೇಕಾಗಿಲ್ಲ. ಆಗ ಬೇಕಾದುದು ಬಾಗಿದ ಮಂಡಿ, ಎಚ್ಚರದ ಕಣ್ಣು, ಪಕ್ಕದವನ ಕೈ. ಆಟ ಮುಗಿದು, ಮೈಯ ಮಣ್ಣು ತೊಳೆದುಕೊಂಡು, ಮನೆಯ ದೀಪದ ಮುಂದೆ ಪುಸ್ತಕ ತೆರೆದಾಗ ನೆನಪಾದರೆ ಸಾಕು. ಅಂಕಣದಲ್ಲಿ ಕಲಿತ ಮೊದಲ ಪಾಠವೇ ಅಲ್ಲಿಯೂ ಸಲ್ಲುತ್ತದೆ. ಹಾರುವ ಮೊದಲು ಕಾಲಿಗೊಂದು ನೆಲೆಯಿರಬೇಕು.